ತಪ್ಪೇ ಇಲ್ಲದ ನೋಟ್‌ಬುಕ್ಕು

ಮನೆಯಲ್ಲಿ ಮಾಡಿದ ಲೆಕ್ಕ ಎಲ್ಲ ಸರಿ. ಶಾಲೆಯಲ್ಲಿ ಪರೀಕ್ಷೆಗೆ ಕೂತರೆ ಎಲ್ಲ ತಪ್ಪು. ಇದೇನು ಮಾಯವೋ! ತುಂಗ್ಕಾಂಗ್ ಬಂದರಿನ ಬೀದಿಗಳಲ್ಲಿ ಈ ಮಾತು ಆಡದ ಮನೆಯಿಲ್ಲ. ಮಗು ಎಲ್ಲೋ ಬೆಚ್ಚಿಬಿದ್ದಿದೆ, ಗುಡಿಗೆ ಕರೆದುಕೊಂಡು ಹೋಗಿ ಹೆದರಿಕೆ ಬಿಡಿಸಿಕೊಂಡು ಬನ್ನಿ ಎಂದು ಒಬ್ಬರು ಹೇಳುತ್ತಾರೆ. ಇನ್ನೊಬ್ಬರು ಫೋನಿಗೆ ಶಾಪ ಹಾಕುತ್ತಾರೆ. ಮತ್ತೊಬ್ಬರು ಮೇಷ್ಟ್ರನ್ನು ಬೈಯುತ್ತಾರೆ. ಕ್ಷೌರದಂಗಡಿಯ ಫು ತಾತ ಈ ಮೂರನ್ನೂ ಮಾಡಿ ಮುಗಿಸಿದ್ದ.

ಫು ತಾತನ ಮೊಮ್ಮಗಳು ನಿಂಗ್-ಆನ್, ನಾಲ್ಕನೇ ಕ್ಲಾಸು. ಅವಳ ಅಪ್ಪ ಟ್ಯೂನಾ ಹಿಡಿಯುವ ಹಡಗಿನಲ್ಲಿದ್ದಾನೆ. ಹೋದರೆ ಎರಡು ವರ್ಷ ಮುಖ ಕಾಣುವುದಿಲ್ಲ. ಅಮ್ಮ ರೂ-ವೆನ್, ತಾತನ ಒಬ್ಬಳೇ ಮಗಳು, ಬೆಳಗಿನಿಂದ ಸಂಜೆಯವರೆಗೆ ಸಿಗಡಿ ಒಣಗಿಸುವ ಕಣದಲ್ಲಿ ಬೆನ್ನು ಬಗ್ಗಿಸಿ ದುಡಿಯುತ್ತಾಳೆ. ಹಾಗಾಗಿ ಮಗುವಿನ ಓದು ನೋಡಿಕೊಳ್ಳುವುದು ತಾತನ ಪಾಲಿಗೆ ಬಂದಿತ್ತು.

ಅಲ್ಲಿನ ಶಾಲೆಗಳ ಪದ್ಧತಿ ಹೀಗೆ. ಮಗು ಮನೆಕೆಲಸ ಮಾಡಬೇಕು. ಮನೆಯ ಹಿರಿಯರು ಅದನ್ನು ನೋಡಿ, ಶಾಲೆಯ ಡೈರಿಯಲ್ಲಿ ತಮ್ಮ ಹೆಸರಿನ ಮೊಹರು ಒತ್ತಿ ಕಳುಹಿಸಬೇಕು. ಕೆಲವರು ಟಿ.ವಿ. ನೋಡುತ್ತಲೇ ಮೊಹರು ಒತ್ತಿಬಿಡುತ್ತಾರೆ. ಫು ತಾತ ಅಂಥವನಲ್ಲ. ನಲವತ್ತು ವರ್ಷದಲ್ಲಿ ಒಂದು ಕೂದಲು ಹೆಚ್ಚುಕಮ್ಮಿಯಾದ ತಲೆಯನ್ನೂ ಅಂಗಡಿಯಿಂದ ಹೊರಗೆ ಬಿಟ್ಟವನಲ್ಲ ಅವನು. ಮೊಮ್ಮಗಳ ನೋಟ್‌ಬುಕ್ಕಿಗೂ ಅದೇ ಕಾನೂನು.

ಸಂಜೆ ನಾಲ್ಕಕ್ಕೆ ನಿಂಗ್-ಆನ್ ಅಂಗಡಿಯ ಮೂಲೆಯ ಸ್ಟೂಲಿನಲ್ಲಿ ಕೂತು ಲೆಕ್ಕ ಮಾಡುತ್ತಿದ್ದಳು. ತಾತ ಒಂದು ತಲೆ ಮುಗಿಸಿ, ಕೈ ಒರೆಸಿಕೊಂಡು ಬಂದು ಬಗ್ಗಿ ನೋಡುತ್ತಿದ್ದ.

"ಏನೇ ಇದು? ನಾನೂರ ಎರಡರಲ್ಲಿ ನೂರ ಎಪ್ಪತ್ತೆಂಟು ಕಳೆದ್ರೆ ಮುನ್ನೂರ ಎಪ್ಪತ್ತಾರಾ?"

"ಅಲ್ವಾ ತಾತಾ?"

"ಅಲ್ವಾ ಅಂತೆ! ಇನ್ನೂರ ಇಪ್ಪತ್ನಾಲ್ಕು. ಕೊಡಿಲ್ಲಿ ರಬ್ಬರು."

ತಾತ ತಾನೇ ಉಜ್ಜಿ ಅಳಿಸುತ್ತಿದ್ದ, ಉಫ್ ಎಂದು ಊದುತ್ತಿದ್ದ. "ಹ್ಞೂ, ಬರಿ. ಎರಡು, ಎರಡು, ನಾಲ್ಕು. ಅಂಕಿ ಗುಂಡಗಿರ್ಲಿ." ಅವಳು ಬರೆಯುತ್ತಿದ್ದಳು. ಹೇಗೆ ಬಂತು ಅಂತ ಅವಳು ಕೇಳುತ್ತಿರಲಿಲ್ಲ, ಇವನು ಹೇಳುತ್ತಿರಲಿಲ್ಲ. ಕುರ್ಚಿಯಲ್ಲಿ ಇನ್ನೊಬ್ಬ ಗಿರಾಕಿ ಕಾಯುತ್ತಿರುತ್ತಿದ್ದ. ಹಾಳೆ ತೊಳೆದ ತಟ್ಟೆಯ ಹಾಗೆ ಲಕಲಕ ಎನ್ನುವವರೆಗೆ ತಿದ್ದಿಸಿ, ಮೊಹರು ಒತ್ತಿ ಕಳುಹಿಸುತ್ತಿದ್ದ. ಮರುದಿನ ಆ ಹಾಳೆಯ ಮೇಲೆ ಮೇಷ್ಟ್ರ ಕೆಂಪು ಶಾಯಿಯ 'ಉತ್ತಮ' ಬಿದ್ದಿರುತ್ತಿತ್ತು. ಬಂದವರಿಗೆಲ್ಲ ಅದನ್ನು ತೋರಿಸದೆ ತಾತನಿಗೆ ಸಮಾಧಾನವಿರುತ್ತಿರಲಿಲ್ಲ.

ಪರೀಕ್ಷೆ ಬಂದಾಗ ಮಾತ್ರ ನೂರಕ್ಕೆ ನಲವತ್ತು, ಮೂವತ್ತೆಂಟು. ಡೈರಿಯಲ್ಲಿ ಮೇಷ್ಟ್ರು ಪ್ರತಿ ಸಲ ಒಂದೇ ಸಾಲು ಬರೆಯುತ್ತಿದ್ದರು: "ಮನೆಯಲ್ಲಿ ಸರಿಯಾಗಿ ಮಾಡುತ್ತಾಳೆ, ಪರೀಕ್ಷೆಯಲ್ಲಿ ಅಜಾಗರೂಕತೆ. ಗಮನ ಸಾಲದು."

"ಗಮನ ಎಲ್ಲಿ ಮೇಯೋಕೆ ಬಿಟ್ಟಿರ್ತೀಯೇ?" ಎಂದು ತಾತ ರೇಗುತ್ತಿದ್ದ. "ಇಲ್ಲಿ ಬರೋದು ಅಲ್ಲಿ ಯಾಕೆ ಬರಲ್ಲ? ಬೇಕು ಅಂತ ಮಾಡ್ತೀಯಾ?"

ನಿಂಗ್-ಆನ್ ತಲೆ ತಗ್ಗಿಸುತ್ತಿದ್ದಳು. ದೊಡ್ಡವರು ಇಬ್ಬರೂ ಒಂದೇ ಮಾತು ಹೇಳಿದ ಮೇಲೆ ಮಗು ಏನು ಮಾಡೀತು? ನಂಬಿತು.

ಒಂದು ಬೆಳಿಗ್ಗೆ ಬಿ-ಯುನ್ ಅಂಗಡಿಗೆ ದಾಪುಗಾಲು ಹಾಕುತ್ತ ಬಂದಳು. ಬಿ-ಯುನ್ ಎದುರು ಮನೆಯವಳು. ನಸುಕಿಗೆ ಹೂಮೀನಿನ ಗಂಜಿ ಮಾರಿ, ಆಮೇಲೆ ಶಾಲೆಯ ಮುಂದೆ ಬಾವುಟ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವ ಸೇವೆ ಮಾಡುತ್ತಾಳೆ. ಶಾಲೆಯ ಪೋಷಕರ ಸಭೆ ಒಂದನ್ನೂ ತಪ್ಪಿಸಿದವಳಲ್ಲ. ಬಾಯಿ ಸ್ವಲ್ಪ ಜೋರು, ಮನಸ್ಸು ಬೆಣ್ಣೆ.

"ಫು ಅಣ್ಣಾ, ಆ ಕತ್ತರಿ ಕೆಳಗಿಡು. ನಿನ್ನ ಮೊಮ್ಮಗಳು ಶಾಲೆ ಗೋಡೆ ಹಿಂದೆ ಹೊಟ್ಟೆ ಹಿಡ್ಕೊಂಡು ಕೂತಿದ್ಲು. ಇವತ್ತು ಲೆಕ್ಕದ ಪರೀಕ್ಷೆಯಂತೆ."

"ಬೆಳಿಗ್ಗೆ ಎರಡು ಬನ್ನು ತಿಂದು ಹೋದ್ಲು! ಹೊಟ್ಟೆನೋವು ಎಲ್ಲಿಂದ ಬಂತು?"

"ಬನ್ನಿನ ಮಾತಲ್ಲ ಇದು. ಏನಮ್ಮಾ ಅಂತ ಕೇಳ್ದೆ. 'ಅಜ್ಜೀ, ನಾನು ಅಜಾಗರೂಕತೆ ಹುಡುಗಿ, ನನಗೆ ಶಾಲೆ ಬೇಡ' ಅಂತಾಳೆ. ಒಂಬತ್ತು ವರ್ಷದ ಕೂಸಿನ ಬಾಯಲ್ಲಿ ಬರೋ ಮಾತಾ ಇದು?" ಬಿ-ಯುನ್ ಕಣ್ಣು ಒರೆಸಿಕೊಂಡಳು. "ಮೇಷ್ಟ್ರ ಹತ್ರ ಬಿಟ್ಟು ಬಂದಿದೀನಿ. ಸಂಜೆ ನಿಮ್ಮನೆಗೆ ಬರ್ತಾರಂತೆ."

"ಬರ್ಲಿ, ಬರ್ಲಿ," ಎಂದ ತಾತ. "ನಾನೂ ಅವರನ್ನ ಎರಡು ಮಾತು ಕೇಳೋದಿದೆ."

ತಾಂಗ್ ಮೇಷ್ಟ್ರಿಗೆ ಮೂವತ್ತು ದಾಟಿರಲಿಲ್ಲ. ಮೂರನೇ ಕ್ಲಾಸಿನಿಂದ ನಿಂಗ್-ಆನ್‌ಳಿಗೆ ಅವರೇ ಪಾಠ ಮಾಡುತ್ತಿದ್ದವರು. ಸಂಜೆ, ಮನೆಯ ಮುಂಭಾಗದಲ್ಲೇ ಇದ್ದ ಅಂಗಡಿಗೆ ಬಂದು ಬಾಗಿ ವಂದಿಸಿದರು. ಬಿ-ಯುನ್ ಕರೆಯದೆಯೇ ಬಂದು ಕೂತಿದ್ದಳು. ತಾತ ಚಹಾ ಬಗ್ಗಿಸಿಕೊಟ್ಟ. ಮರ್ಯಾದೆ ಅಷ್ಟಕ್ಕೇ ಮುಗಿಯಿತು. ಮೂರನೇ ಕ್ಲಾಸಿನಿಂದ ಜೋಪಾನವಾಗಿಟ್ಟ ನೋಟ್‌ಬುಕ್ಕುಗಳನ್ನು ತಂದು ಮೇಷ್ಟ್ರ ಮುಂದೆ ದೊಪ್ಪನೆ ಹಾಕಿದ.

"ನೋಡಿ ಮೇಷ್ಟ್ರೇ. ಒಂದು ತಪ್ಪು ಹುಡುಕಿ ಕೊಡಿ. ಎಲ್ಲ ನಿಮ್ಮ ಕೈಯಿಂದಲೇ 'ಉತ್ತಮ'. ಮನೇಲಿ ಇಷ್ಟು ಚೆನ್ನಾಗಿ ಮಾಡೋ ಮಗು ನಿಮ್ಮ ಶಾಲೇಲಿ ಯಾಕೆ ಸೋಲುತ್ತೆ? ಅವಳನ್ನ ಹೆದರಿಸ್ತೀರಾ?"

ಮೇಷ್ಟ್ರು ನೋಟ್‌ಬುಕ್ಕು ಬಿಡಿಸಿದರು. ಒಂದು ಹಾಳೆಯನ್ನು ಎತ್ತಿ, ಕನ್ನಡಿಯ ಮೇಲಿನ ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದರು. ಇನ್ನೊಂದು ಹಾಳೆ. ಮತ್ತೊಂದು. ಅವರ ಮುಖ ಸಣ್ಣದಾಯಿತು.

"ಅಜ್ಜಾ, ಇಲ್ಲಿ ಒಂದು ಸಲ ನೋಡ್ತೀರಾ?"

ತಾತ ಕನ್ನಡಕ ಏರಿಸಿ ನೋಡಿದ. ಗುಂಡಗೆ ಬರೆದ ಅಂಕಿಗಳ ಅಡಿಯಲ್ಲಿ, ಪೆನ್ಸಿಲ್ ಒತ್ತಿ ಬಿದ್ದ ಗೀರುಗಳಲ್ಲಿ, ಬೇರೆ ಅಂಕಿಗಳಿದ್ದವು. ಇನ್ನೂರ ಇಪ್ಪತ್ನಾಲ್ಕರ ಕೆಳಗೆ ಮುನ್ನೂರ ಎಪ್ಪತ್ತಾರು. ಪಕ್ಕದ ಲೆಕ್ಕ ಐನೂರರಲ್ಲಿ ಇನ್ನೂರ ಮೂವತ್ತಾರು ಕಳೆಯುವುದು. ಇನ್ನೂರ ಅರವತ್ನಾಲ್ಕು ಎಂಬ ಉತ್ತರದ ಅಡಿಯಲ್ಲಿ ಮುನ್ನೂರ ಮೂವತ್ತಾರು.

"ಇದನ್ನ ಯಾರು ಅಳಿಸಿದ್ದು?"

"ನಾನೇ. ತಪ್ಪಿತ್ತು, ತಿದ್ದಿಸ್ದೆ. ಹಿರಿಯರು ನೋಡ್ಬೇಕು ಅಂತ ನಿಮ್ಮ ಶಾಲೆಯವರೇ ಹೇಳಿದ್ದಲ್ವಾ?"

ಮೇಷ್ಟ್ರು ನಿಂಗ್-ಆನ್‌ಳನ್ನು ಹತ್ತಿರ ಕರೆದರು. ಒಂದು ಲೆಕ್ಕ ಬರೆದುಕೊಟ್ಟರು: ಆರುನೂರ ಹದಿಮೂರರಲ್ಲಿ ಇನ್ನೂರ ಐವತ್ತೇಳು. "ಉತ್ತರ ಸರಿಯಾದ್ರೂ ಸರಿ, ತಪ್ಪಾದ್ರೂ ಸರಿ. ಹೇಗೆ ಮಾಡ್ತೀಯ ಅಂತ ನನಗೆ ಬಾಯಲ್ಲಿ ಹೇಳ್ತಾ ಮಾಡು, ಪುಟ್ಟಾ."

ಮಗು ತಾತನ ಮುಖ ನೋಡಿತು. ಆಮೇಲೆ ಪಿಸುದನಿಯಲ್ಲಿ ಹೇಳಿತು, "ಮೂರು, ಏಳು. ಮೂರರಲ್ಲಿ ಏಳು ಹೋಗಲ್ಲ. ಅದಕ್ಕೆ ಏಳರಲ್ಲಿ ಮೂರು ಕಳೀತೀನಿ. ನಾಲ್ಕು. ಒಂದರಲ್ಲಿ ಐದು ಹೋಗಲ್ಲ, ಐದರಲ್ಲಿ ಒಂದು ಕಳೀತೀನಿ. ನಾಲ್ಕು. ಆರರಲ್ಲಿ ಎರಡು ಹೋದ್ರೆ ನಾಲ್ಕು. ನಾನೂರ ನಲವತ್ನಾಲ್ಕು."



"ಅಜ್ಜಾ, ಈ ಮಗು ಅಜಾಗರೂಕತೆಯಿಂದ ಮಾಡ್ತಿಲ್ಲ," ಎಂದರು ಮೇಷ್ಟ್ರು. "ತುಂಬ ಜಾಗರೂಕತೆಯಿಂದ, ಪ್ರತಿ ಸಲ ಒಂದೇ ಥರ ಮಾಡ್ತಿದಾಳೆ. ಮೇಲಿರಲಿ ಕೆಳಗಿರಲಿ, ದೊಡ್ಡ ಅಂಕಿಯಿಂದ ಚಿಕ್ಕದನ್ನ ಕಳೀಬೇಕು ಅಂದ್ಕೊಂಡಿದಾಳೆ. ಪಕ್ಕದ ಅಂಕಿಯ ಮನೆಯಿಂದ ಒಂದು ದಶಕ ತರೋದು ಅವಳಿಗೆ ಯಾರೂ ತಿಳಿಯೋ ಹಾಗೆ ಹೇಳಿಲ್ಲ. ಎರಡನೇ ಕ್ಲಾಸಲ್ಲಿ ಬಿಟ್ಟುಹೋಗಿದ್ದು. ಅದೇ ವಾರ ಗೊತ್ತಾಗಿದ್ರೆ ಹತ್ತು ನಿಮಿಷದ ಕೆಲಸ."

"ಗೊತ್ತಾಗದೆ ಏನು? ಪರೀಕ್ಷೆ ಪೇಪರ್ ನೋಡಿದ್ದು ನೀವೇ ಅಲ್ವಾ?"

"ಹೌದು. ನಂದೂ ತಪ್ಪೇ." ಮೇಷ್ಟ್ರು ಚಹಾದ ಲೋಟವನ್ನು ಸುಮ್ಮನೆ ತಿರುಗಿಸಿದರು. "ಇಪ್ಪತ್ತೇಳು ಮಕ್ಕಳ ಪೇಪರು. ತಪ್ಪಿಗೆ ಗೀಟು ಹಾಕ್ದೆ, ಅಂಕ ಕೂಡಿಸ್ದೆ. ಯಾಕೆ ತಪ್ಪಾಯ್ತು ಅಂತ ಕೂತು ನೋಡ್ಲಿಲ್ಲ. ಮನೆಕೆಲಸ ಚೆನ್ನಾಗಿತ್ತಲ್ಲ, ಅದನ್ನ ನಂಬಿದೆ. ಬರದೇ ಇರೋ ಮಕ್ಕಳಿಗೆ ಮಧ್ಯಾಹ್ನ ಬೇರೆ ಪಾಠ ಇದೆ. ಈ ನೋಟ್‌ಬುಕ್ ನೋಡಿ ಇವಳಿಗೆ ಬೇಕಿಲ್ಲ ಅಂತ ಹೆಸರು ಬಿಟ್ಟವನೂ ನಾನೇ."

ಫು ತಾತನಿಗೆ ಮೂಗಿನ ತುದಿಗೆ ಸಿಟ್ಟು ಬಂತು. "ಅಂದ್ರೆ ಕೊನೆಗೆ ನನ್ನ ತಲೆಗೇ ಕಟ್ತೀರಿ! ಊರಲ್ಲಿ ಮೊಮ್ಮಕ್ಕಳ ಪುಸ್ತಕ ಮುಟ್ಟಿ ನೋಡದ ತಾತಂದಿರು ಎಷ್ಟು ಜನ ಇದಾರೆ. ನಾನು ದಿನಾ ಕೂತು ನೋಡ್ದೆ. ಅದೇ ತಪ್ಪಾ?"

ಬಿ-ಯುನ್ ತಡೆಯಲಾರದೆ ಬಾಯಿ ಹಾಕಿದಳು. "ಫು ಅಣ್ಣಾ, ಒಂದು ಮಾತು ಕೇಳ್ತೀನಿ. ಗಿರಾಕಿಗಳೆಲ್ಲ ಮನೇಲೇ ಕ್ಷೌರ ಮುಗಿಸ್ಕೊಂಡು, ಎಣ್ಣೆ ಹಚ್ಕೊಂಡು, ನುಣ್ಣಗೆ ಬಾಚ್ಕೊಂಡು ಬಂದು ನಿನ್ನ ಕುರ್ಚೀಲಿ ಕೂತ್ರೆ ನೀನು ಏನು ಕತ್ತರಿಸ್ತೀಯ?"

"ಕತ್ತರಿಸೋಕೆ ಏನಿರುತ್ತೆ, ನನ್ನ ತಲೆ!"

"ಮತ್ತೆ? ಮೇಷ್ಟ್ರ ಕುರ್ಚಿಗೂ ಎರಡು ವರ್ಷದಿಂದ ನೀನು ಅಂಥ ತಲೇನೇ ಕಳಿಸ್ತಾ ಬಂದಿದೀಯ."

ಅಷ್ಟರಲ್ಲಿ ರೂ-ವೆನ್ ಕೆಲಸದಿಂದ ಬಂದಳು. ಬಾಗಿಲಲ್ಲೇ ನಿಂತು ಅವಳು ಕೇಳಿಸಿಕೊಂಡಿದ್ದಳು. ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ, ಮಗಳ ಪಕ್ಕ ಕೂತು, ಆ ಹಾಳೆಗಳನ್ನು ತಾನೂ ಬೆಳಕಿಗೆ ಹಿಡಿದು ನೋಡಿದಳು. ಎಷ್ಟೋ ಹೊತ್ತು ನೋಡಿದಳು.

"ಅಪ್ಪಾ, ನಾನು ನರ್ಸಿಂಗ್ ಶಾಲೆ ಯಾಕೆ ಬಿಟ್ಟೆ ಅಂತ ನಿಮಗೆ ಗೊತ್ತಾ?"

ತಾತ ಬೆಚ್ಚಿದ. ಹದಿನೈದು ವರ್ಷದಿಂದ ಆ ಮಾತನ್ನು ಈ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. "ಅಲ್ಲಿನ ಟೀಚರ್ ಸರಿ ಇರ್ಲಿಲ್ಲ ಅಂತ ನೀನೇ ಅಂದಿದ್ದೆ. ನಾನು ಹೋಗಿ ಜಗಳಾನೂ ಆಡಿ ಬಂದಿದ್ದೆ."

"ಟೀಚರ್ ಚೆನ್ನಾಗೇ ಇದ್ರು. ಔಷಧಿ ಅಳತೆ ಲೆಕ್ಕ ನನಗೆ ಬರ್ತಿರ್ಲಿಲ್ಲ. ಎಷ್ಟು ತೂಕದ ರೋಗಿಗೆ ಎಷ್ಟು ಹನಿ ಅನ್ನೋದು. ದಶಾಂಶದ ಚುಕ್ಕಿ ಎಲ್ಲಿಡಬೇಕು ಅಂತ ತಿಳೀತಿರ್ಲಿಲ್ಲ. ಗೊತ್ತಿಲ್ಲದವರು ಕೈ ಎತ್ತಿ ಅಂತ ಅವರು ದಿನಾ ಹೇಳ್ತಿದ್ರು. ಪಕ್ಕದವರೆಲ್ಲ ಎತ್ತೋರು. ನನ್ನ ಕೈ ಮೇಲೇಳ್ತಿರ್ಲಿಲ್ಲ ಅಪ್ಪಾ." ಅವಳು ಸಿಟ್ಟಿನಿಂದ ಹೇಳುತ್ತಿರಲಿಲ್ಲ, ಅದೇ ತಾತನಿಗೆ ಹೆಚ್ಚು ಚುಚ್ಚಿತು. "ಪ್ರೈಮರಿ ಶಾಲೆಯ ಆರು ವರ್ಷ ನನ್ನ ಒಂದು ತಪ್ಪನ್ನೂ ನೀವು ಮನೆಯಿಂದ ಹೊರಗೆ ಬಿಟ್ಟಿರ್ಲಿಲ್ಲ. ತಪ್ಪು ಅಂದ್ರೆ ಬಚ್ಚಿಡೋದು ಅಂತಲೇ ಕಲ್ತಿದ್ದೆ. ಒಂದು ದಿನ ಔಷಧಿ ಜಾಸ್ತಿ ಹಾಕಿ ಯಾರನ್ನಾದ್ರೂ ಕೊಂದುಬಿಡ್ತೀನಿ ಅಂತ ಹೆದರಿ ಬಿಟ್ಟು ಬಂದೆ."

ತಾತ ಎದ್ದು ಒಳಗೆ ಹೋದ. ಬಿಸ್ಕತ್ತಿನ ಒಂದು ಹಳೆಯ ಡಬ್ಬಿ ಹಿಡಿದುಕೊಂಡು ಬಂದ. ರೂ-ವೆನ್‌ಳ ಪ್ರಾಥಮಿಕ ಶಾಲೆಯ ನೋಟ್‌ಬುಕ್ಕುಗಳು. ಮಗಳ ಜಾಣತನಕ್ಕೆ ಸಾಕ್ಷಿ ಎಂದು ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದು. ಒಂದೊಂದೇ ಹಾಳೆ ತಿರುವಿದ. ಅವಳಿಗೆ ಎಲ್ಲಿ ಕಷ್ಟವಾಗಿತ್ತು, ಯಾವ ದಿನ ಕಾಲು ಜಾರಿತ್ತು, ಒಂದು ಗುರುತಾದರೂ ಸಿಕ್ಕೀತೇ ಎಂದು ಹುಡುಕಿದ. ಎಲ್ಲ ಸ್ವಚ್ಛ. ಎಲ್ಲ ಉತ್ತಮ.

"ಇದರಲ್ಲಿ ನಾನಿಲ್ಲ ಅಪ್ಪಾ," ಎಂದಳು ರೂ-ವೆನ್. "ಎಲ್ಲ ನೀವೇ."

ಫು ತಾತ ಅತ್ತುಬಿಟ್ಟ. ಮೇಷ್ಟ್ರ ಮುಂದೆ, ಎದುರು ಮನೆಯವಳ ಮುಂದೆ, ನಾಚಿಕೆ ಬಿಟ್ಟು ಅತ್ತ. "ಪ್ರೀತಿಯಿಂದ ಮಾಡಿದ್ದು ಕಣಮ್ಮಾ. ನಾಲ್ಕು ಜನ ನಿನ್ನನ್ನ ದಡ್ಡಿ ಅನ್ನಬಾರದು ಅಂತ. ಅಟ್ಟ ಮೇಲೆ ಒಲೆ ಉರೀತು, ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಹಾಗಾಯ್ತು ನನ್ನ ಬಾಳು."



ಮೇಷ್ಟ್ರು ಹೊರಡುವ ಮುಂಚೆ ತಾತನ ಕೈ ಹಿಡಿದು ಹೇಳಿದರು, "ನಾಳೆಯಿಂದ ನೀವು ಮೊಹರು ಒತ್ತಿ, ಅಜ್ಜಾ. ಆದ್ರೆ ಅಳಿಸ್ಬೇಡಿ. ತಪ್ಪು ಕಂಡ್ರೆ ಪಕ್ಕದಲ್ಲಿ ಒಂದು ಚುಕ್ಕಿ ಇಡಿ, 'ಇದು ಹೇಗೆ ಬಂತು ಹೇಳು' ಅಂತ ಕೇಳಿ, ಹಾಗೇ ಕಳಿಸಿ. ನಾನೂ ಬರೀ ಉತ್ತಮ, ಬರೀ ಅಂಕ ಹಾಕಿ ಬಿಡಲ್ಲ. ಎಲ್ಲಿ ತಪ್ಪಾಯ್ತು, ಮುಂದೆ ಏನು ಮಾಡ್ಬೇಕು ಅಂತ ಅವಳಿಗೆ ಅರ್ಥ ಆಗೋ ಮಾತಲ್ಲಿ ಬರೀತೀನಿ. ವಾರಕ್ಕೊಂದು ಸಲ ಪಕ್ಕದಲ್ಲಿ ಕೂರಿಸ್ಕೊಂಡು ಅವಳ ಬಾಯಲ್ಲೇ ಕೇಳ್ತೀನಿ. ಪರೀಕ್ಷೆ ಇರೋದು ಮಗುವನ್ನ ಅಳೆದು ಪಕ್ಕಕ್ಕಿಡೋಕಲ್ಲ. ನಾವು ಮುಂದೆ ಏನು ಕಲಿಸ್ಬೇಕು ಅಂತ ನಮಗೆ ಗೊತ್ತಾಗೋಕೆ."

ಮರುದಿನ ಸಂಜೆ ನಿಂಗ್-ಆನ್ ಎಂಟು ಲೆಕ್ಕ ಮಾಡಿದಳು. ಆರು ತಪ್ಪು. ತಾತ ಮೊಹರು ಹಿಡಿದು ಕೂತ. ನಲವತ್ತು ವರ್ಷ ಸೊಟ್ಟ ಕಂಡಲ್ಲೆಲ್ಲ ನೆಟ್ಟಗೆ ಮಾಡಿದ ಕೈ ಅದು, ಸುಮ್ಮನಿರಲು ಎಷ್ಟು ಕಷ್ಟಪಟ್ಟಿತೋ ಅವನಿಗೇ ಗೊತ್ತು. ಆರು ಚುಕ್ಕಿ ಇಟ್ಟ. ಕೇಳಿದ. ಅವಳು ಹೇಳಿದಳು. ಅವನು 'ಹ್ಞೂ' ಎಂದು ಕೇಳಿಸಿಕೊಂಡ, ಅಷ್ಟೇ. ಆ ಕೊಳಕು ಹಾಳೆಯ ಕೆಳಗೆ ತನ್ನ ಹೆಸರನ್ನು ಒತ್ತಿದ.

"ತಾತಾ, ಮೇಷ್ಟ್ರು ನೋಡಿದ್ರೆ?" ಮಗು ಅಂಗೈಯಿಂದ ಹಾಳೆಯನ್ನು ಮುಚ್ಚಿತು.

"ನೋಡ್ಲಿ ಅಂತಲೇ ಕಳಿಸ್ತಿರೋದು, ಕಂದಾ."

ಹಾಳೆ ಹಿಂದಿರುಗಿ ಬಂದಾಗ ಅದರ ಮೇಲೆ 'ಉತ್ತಮ' ಇರಲಿಲ್ಲ. ಮೂರು ಸಾಲಿನ ಬರಹವಿತ್ತು. "ಬಿಡಿಯ ಮನೆಯಲ್ಲಿ ಎರಡೇ ಇದೆ, ಎಂಟು ಕೊಡಲಾಗದು ಎಂದು ನೀನು ಗುರುತಿಸಿದ್ದು ಸರಿ. ಹತ್ತರ ಮನೆ ಖಾಲಿ ಇದ್ದರೆ ನೂರರ ಮನೆಯ ಬಾಗಿಲು ತಟ್ಟಬೇಕು. ನಾಳೆ ಮಧ್ಯಾಹ್ನ ಕಡ್ಡಿ ಕಟ್ಟುಗಳನ್ನು ಬಿಚ್ಚಿ ಇಬ್ಬರೂ ಮಾಡಿ ನೋಡೋಣ." ನಿಂಗ್-ಆನ್ ಅದನ್ನು ಮೂರು ಸಲ ಓದಿದಳು. ತಾನು ಮಾಡಿದ್ದರಲ್ಲಿ ಒಂದು ಸರಿಯೂ ಇತ್ತು ಎಂದು ಅವಳಿಗೆ ಮೊದಲ ಸಲ ಗೊತ್ತಾಯಿತು.

ಕಳೆಯುವ ಲೆಕ್ಕ ಅವಳಿಗೆ ಒಂದೇ ವಾರದಲ್ಲಿ ಬಂತು. ಮುಂದಿನ ಪರೀಕ್ಷೆಯಲ್ಲಿ ಅರವತ್ನಾಲ್ಕು. ಆದರೆ ಸುಳ್ಳು ಯಾಕೆ ಹೇಳಲಿ? ಹೊಟ್ಟೆನೋವು ಇನ್ನೂ ಪೂರ್ತಿ ಹೋಗಿಲ್ಲ. ಪರೀಕ್ಷೆಯ ಬೆಳಿಗ್ಗೆ ಅವಳು ಈಗಲೂ ಬಿ-ಯುನ್‌ಳ ಬೆರಳು ಹಿಡಿದುಕೊಂಡೇ ಗೇಟು ದಾಟುತ್ತಾಳೆ. ಹತ್ತು ನಿಮಿಷದ ಲೆಕ್ಕ ಎರಡು ವರ್ಷ ಬಾಕಿ ಉಳಿದದ್ದಕ್ಕೆ ಮಗು ಕೊಟ್ಟ ಬೆಲೆ ಅದು.

ಒಂದು ಭಾನುವಾರ ತಾತ ಮಗಳಿಗೆ ಹೇಳಿದ, "ತಪ್ಪಾಯ್ತು ರೂ-ವೆನ್. ಆ ಆರು ವರ್ಷಾನ ಒರೆಸಿ ಹಾಕಿ, ಮತ್ತೆ ಮೊದಲಿಂದ ಶುರು ಮಾಡೋ ಹಾಗಿದ್ರೆ ಮಾಡ್ತಿದ್ದೆ ಕಣಮ್ಮಾ."

ರೂ-ವೆನ್ ಬಟ್ಟೆ ಮಡಚುತ್ತಿದ್ದಳು. ಕೈ ನಿಲ್ಲಿಸಿ ಅಪ್ಪನ ಮುಖ ನೋಡಿದಳು. "ಬೇಡ ಅಪ್ಪಾ. ಇದನ್ನಾದ್ರೂ ಅಳಿಸ್ಬೇಡಿ. ಇರ್ಲಿ. ನಿಂಗ್-ಆನ್‌ಗೆ ಗೊತ್ತಿರ್ಲಿ."

ಓದುತ್ತಿರುವ, ಕೇಳುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮಗುವಿನ ಮನೆಕೆಲಸವನ್ನು ಪ್ರೀತಿಯಿಂದ ನೋಡಿ, ಆದರೆ ನೀವೇ ಮಾಡಿ ಕೊಡಬೇಡಿ. ಎಷ್ಟು ಅಂಕ ಬಂತು ಎಂದು ಕೇಳುವ ಮೊದಲು ಇದನ್ನು ಹೇಗೆ ಮಾಡಿದೆ ಎಂದು ಕೇಳಿ. ಮೇಷ್ಟ್ರೇ, ಟೀಚರಮ್ಮಾ, ಒಂದು ಗೀಟು ಎಳೆದು ಮುಂದಿನ ಪುಸ್ತಕಕ್ಕೆ ಹೋಗಬೇಡಿ. ಮಗುವಿಗೆ ತಿಳಿಯುವ ಒಂದು ಸಾಲು ಬರೆಯಿರಿ. ರೂ-ವೆನ್‌ಳ ಹಾಗೆ ಕೈ ಎತ್ತಲಾರದೆ ಕೂತ ಮಗು ನಿಮ್ಮ ಮನೆಯಲ್ಲೂ ಇರಬಹುದು, ನಿಮ್ಮ ತರಗತಿಯ ಕೊನೆಯ ಬೆಂಚಿನಲ್ಲೂ ಇರಬಹುದು. ಇವತ್ತೇ ಅದರ ಪಕ್ಕ ಕೂತು, ಬೈಯದೆ ಕೇಳಿ: ನಿನಗೆ ಎಲ್ಲಿ ತಿಳೀಲಿಲ್ಲ, ಮಗೂ?